‘ರಿಕವರಿ’ಗೆ ಕನ್ನಡದಲ್ಲಿ ಏನೆನ್ನಬೇಕು: ಗುಣಮುಖವೇ, ಚೇತರಿಕೆಯೇ?

ಮಾನ್ಯರೇ,

ವಯಸ್ಕರ ಮಾನಸಿಕ ಆರೋಗ್ಯ ಸೇವೆಯೊಂದರ ಸಿಬ್ಬಂದಿಗಾಗಿ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ‘ರಿಕವರಿ ಓರಿಯೆಂಟೆಡ್ ಕೇರ್’ ಎಂಬ ಮಾತು ಅದರ ಶೀರ್ಷಿಕೆಯಲ್ಲೂ ಹೊರರೋಗಿ ವಿಭಾಗದ ಫಲಕದಲ್ಲೂ ಬರಬೇಕಾಗಿದ್ದು, ಫಲಕವು ನಾಡಿದ್ದೇ ಬರೆಯುವವರ ಕೈಸೇರಲಿದೆ. ಇಲ್ಲಿ ರಿಕವರಿ ಎಂದರೆ ಕಾಯಿಲೆ ವಾಸಿಯಾಗುವುದಲ್ಲ. ಕಾಯಿಲೆಯ ಮಿತಿಗಳು ಉಳಿದಿದ್ದರೂ ತೃಪ್ತಿಯಿಂದ, ಭರವಸೆಯಿಂದ, ಇತರರಿಗೂ ನೆರವಾಗುತ್ತ ಬಾಳುವ ಬಗೆ ಎಂದು ಅಮೆರಿಕದ ಮಾನಸಿಕ ಪುನರ್ವಸತಿ ತಜ್ಞ ವಿಲಿಯಂ ಆಂಥೊನಿ 1993ರಲ್ಲಿ ಅದನ್ನು ವಿವರಿಸಿದ್ದರು. ಕೈಪಿಡಿಯೂ ಅದೇ ಅರ್ಥವನ್ನು ಇಟ್ಟುಕೊಂಡಿದೆ. ಕರಡಿನಲ್ಲಿ ‘ಚೇತರಿಕೋನ್ಮುಖ ಆರೈಕೆ’ ಎಂದು ಬರೆದಿದ್ದೇನೆ. ತಿಳಿದವರು ಸರಿತಪ್ಪು ಹೇಳಬೇಕಾಗಿ ವಿನಂತಿ.

ಮರುನುಡಿ 1

‘ಚೇತರಿಕೋನ್ಮುಖ’ ಎಂಬ ಪದವಿಲ್ಲ. ಎಕಾರಾಂತವಾದ ಕನ್ನಡ ಪದಕ್ಕೆ ಗುಣಸಂಧಿ ಎಲ್ಲಿಂದ ಬಂತು? ಸಂಧಿ ಕೆಟ್ಟಿದೆ, ಸಮಾಸ ಅರಿಸಮಾಸವಾಗಿದೆ, ಅಳಿಸಿಬಿಡಿ. ‘ಗುಣಮುಖ’ ಇರುವಾಗ ಹೊಸದನ್ನು ಹುಡುಕುವುದೇಕೆ? ಅಂತರ್ಮುಖ, ಊರ್ಧ್ವಮುಖಗಳಂತೆ ಗುಣದ ಕಡೆಗೆ ಮುಖ ಮಾಡಿರುವುದು ಗುಣಮುಖ. ಗುಣ ಹೊಂದಿಯೇ ಆಯಿತೆಂದು ಆ ಪದ ಹೇಳುವುದಿಲ್ಲ, ಆ ದಿಕ್ಕಿನಲ್ಲಿ ಹೊರಟಿರುವುದನ್ನಷ್ಟೇ ಹೇಳುತ್ತದೆ. ತಾವು ಕೇಳುತ್ತಿರುವ ‘ಓರಿಯೆಂಟೆಡ್’ ಅದರೊಳಗೇ ಅಡಗಿದೆ.

ಮರುನುಡಿ 2

ಸಂಧಿಯ ಆಕ್ಷೇಪಣೆ ನ್ಯಾಯವಾದುದು. ಆದರೆ ಗುಣಮುಖದ ವ್ಯುತ್ಪತ್ತಿ ಎಷ್ಟೇ ಒಪ್ಪವಾಗಿದ್ದರೂ ಫಲಕವನ್ನು ಓದುವವರು ವ್ಯುತ್ಪತ್ತಿಯನ್ನು ಓದುವುದಿಲ್ಲ. ‘ಗುಣಮುಖರಾಗಿ ಮನೆಗೆ ಮರಳಿದರು’ ಎಂದಾಗ ಕಾಯಿಲೆ ಹೋಯಿತು, ಚಿಕಿತ್ಸೆ ಮುಗಿಯಿತು ಎಂದೇ ಎಲ್ಲರಿಗೂ ಅರ್ಥವಾಗುತ್ತದೆ. ‘ಆಕೆಗೆ ಈಗಲೂ ಆಗಾಗ ದನಿಗಳು ಕೇಳಿಸುತ್ತವೆ, ಆದರೂ ಆಕೆ ಚೇತರಿಸಿಕೊಳ್ಳುತ್ತಿದ್ದಾಳೆ’ ಎಂಬ ವಾಕ್ಯ ಕಿವಿಗೆ ಸಹಜವಾಗಿದೆ. ಅಲ್ಲಿ ‘ಗುಣಮುಖಳಾಗಿದ್ದಾಳೆ’ ಎಂದು ಹಾಕಿದರೆ ವಾಕ್ಯ ತನಗೆ ತಾನೇ ಎದುರಾಡುತ್ತದೆ. ಲಕ್ಷಣಗಳು ಪೂರ್ತಿ ಹೋಗದ ವ್ಯಕ್ತಿಯನ್ನು ಆ ಪದ ಸೋತವರ ಸಾಲಿಗೆ ಸೇರಿಸಿಬಿಡುತ್ತದೆ, ಮತ್ತು ಹಾಗಾಗದಿರಲೆಂದೇ ಅಲ್ಲವೇ ಈ ಪರಿಕಲ್ಪನೆ ಹುಟ್ಟಿದ್ದು?

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ‘ಕೊಳ್ಳು’. ‘ಗುಣಪಡಿಸು’ ಎಂಬಲ್ಲಿ ಕರ್ತೃ ವೈದ್ಯ. ‘ಚೇತರಿಸಿಕೊಳ್ಳು’ ಎಂಬಲ್ಲಿ ಕರ್ತೃ ಆ ವ್ಯಕ್ತಿಯೇ. ಒಬ್ಬರಿಗಾಗಿ ಇನ್ನೊಬ್ಬರು ಚೇತರಿಸಿಕೊಳ್ಳಲು ಬರುವುದಿಲ್ಲ. ಸೇವೆಯ ನಡವಳಿಕೆಯಲ್ಲಿ ಆಗಬೇಕಾದ ಬದಲಾವಣೆಯೂ ಇದೇ. ‘ಗುಳಿಗೆ ತಪ್ಪಿಸಬಾರದು’ ಎಂಬುದು ಸಿಬ್ಬಂದಿಯ ಗುರಿ. ‘ಮತ್ತೆ ಕೆಲಸಕ್ಕೆ ಹೋಗಬೇಕು, ಮಗಳೊಡನೆ ಮಾತು ಬೆಳೆಸಬೇಕು’ ಎಂಬುದು ಬಂದವರ ಗುರಿ. ಆರೈಕೆಯ ಯೋಜನೆಯನ್ನು ಅವರೊಡನೆ ಕುಳಿತು, ಅವರದೇ ಮಾತಿನಲ್ಲಿ, ಎರಡನೆಯದರಿಂದ ಆರಂಭಿಸಿ ಬರೆದರೆ ಗುಳಿಗೆ ಆ ಗುರಿಗೆ ಸಾಧನವಾಗಿ ತನ್ನ ಜಾಗದಲ್ಲಿ ನಿಲ್ಲುತ್ತದೆ. ಆದ್ದರಿಂದ ಕೈಪಿಡಿಯಲ್ಲಿ ‘ರೋಗಿಯನ್ನು ಚೇತರಿಸಿಕೊಳ್ಳುವಂತೆ ಮಾಡುವುದು’ ಎಂಬ ವಾಕ್ಯ ಎಲ್ಲಿಯೂ ನುಸುಳದಂತೆ ನೋಡಿಕೊಳ್ಳಿ.

‘ಪುನಶ್ಚೇತನ’ ಶಿಕ್ಷಕರ ತರಬೇತಿಗೂ ರೋಗಗ್ರಸ್ತ ಉದ್ಯಮಗಳಿಗೂ ಸಂದುಹೋಗಿದೆ. ‘ಪುನರ್ವಸತಿ’ಯ ವಿಷಯವೇ ಬೇರೆ.

ಮರುನುಡಿ 3

‘ರಿಕವರಿ’ ಎಂದೇ ಬರೆಯಿರಿ. ವೈದ್ಯರೂ ಶುಶ್ರೂಷಕರೂ ಹಾಗೆಯೇ ಹೇಳುತ್ತಾರೆ. ಬಸ್ಸು, ಬ್ಯಾಂಕುಗಳನ್ನು ಒಪ್ಪಿದ ಭಾಷೆಗೆ ಇದೊಂದು ಭಾರವಾಗದು. ಮಡಿವಂತಿಕೆಯಿಂದ ಕಟ್ಟಿದ ಪದಗಳು ಪದಕೋಶದಲ್ಲೇ ಕೊಳೆಯುತ್ತವೆ.

ಮರುನುಡಿ 2ರ ಲೇಖಕರಿಂದ

ಎರವಲಿಗೆ ನನ್ನ ವಿರೋಧವಿಲ್ಲ; ಬಸ್ಸು ಬಂದಾಗ ಅದರ ಜಾಗ ಖಾಲಿಯಿತ್ತು. ‘ರಿಕವರಿ’ ಎಂದೊಡನೆ ಜನರಿಗೆ ನೆನಪಾಗುವುದು ಸಾಲ ವಸೂಲಿ. ಸಾಲದ ಒತ್ತಡದಿಂದಲೇ ನೊಂದು ಬಂದವರು ಬಾಗಿಲಲ್ಲಿ ಆ ಪದವನ್ನು ಕಾಣಬಾರದು.

ಮರುನುಡಿ 1ರ ಲೇಖಕರಿಂದ

ಚೇತರಿಕೆ ಕೂಡ ಚೇತನ, ಚೇತಸ್ಸುಗಳ ನಂಟಿನ ಪದವೇ ಎಂಬುದನ್ನು ಅಚ್ಚಗನ್ನಡದ ಹಂಬಲವುಳ್ಳವರು ಮರೆಯದಿರಲಿ. ‘ಕೊಳ್ಳು’ವಿನ ಮಾತನ್ನು ಮಾತ್ರ ಒಪ್ಪುತ್ತೇನೆ. ‘ಚೇತರಿಕೆ ಆಧಾರಿತ’ ಎಂದು ಬರೆಯಬೇಡಿ. ಆರೈಕೆಗೆ ಚೇತರಿಕೆ ಆಧಾರವಲ್ಲ, ಗುರಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಫಲಕಕ್ಕೆ ‘ಚೇತರಿಕೆಗೆ ಒತ್ತಾಸೆ’ ಎಂದೂ ಕೈಪಿಡಿಗೆ ‘ಚೇತರಿಕೆಗೆ ಒತ್ತಾಸೆಯಾಗುವ ಆರೈಕೆ’ ಎಂದೂ ಬರೆಯುತ್ತಿದ್ದೇನೆ. ಒತ್ತಾಸೆ ಎಂದರೆ ನಡೆಯುವವರು ಬೇರೆ, ಜೊತೆಗೆ ನಿಲ್ಲುವವರು ಬೇರೆ ಎಂಬುದು ತಾನಾಗಿ ಹೊಳೆಯುತ್ತದೆ. 2011ರ ಸಂಶೋಧನಾ ಲೇಖನವೊಂದು ಗುರುತಿಸಿದ ಚೇತರಿಕೆಯ ಐದು ಅಂಶಗಳಿಗೆ ಒಡನಾಟ, ಭರವಸೆ, ತನ್ನತನ, ಬದುಕಿನ ಅರ್ಥ, ಸ್ವಾಧಿಕಾರ ಎಂದು ಇಟ್ಟಿದ್ದೇನೆ.

ಒಂದು ಪದ ಇನ್ನೂ ಉಳಿದಿದೆ. ತಾವೇ ಮಾನಸಿಕ ಕಾಯಿಲೆಯನ್ನು ಹಾದುಬಂದು, ಆ ಅನುಭವದ ಬಲದಿಂದಲೇ ಸೇವೆಯಲ್ಲಿ ಸಂಬಳದ ಕೆಲಸಕ್ಕೆ ಸೇರುವ ‘ಪಿಯರ್ ವರ್ಕರ್’ಗಳನ್ನು ‘ಅನುಭವಿ ಒಡನಾಡಿ’ ಎನ್ನಬಹುದೇ? ‘ಅನುಭವಿ’ ಎಂದರೆ ವೃತ್ತಿಯಲ್ಲಿ ಪಳಗಿದವರೆಂಬ ಅರ್ಥವೇ ಮುಂದೆ ಬರುತ್ತದೆಂಬುದು ನನ್ನ ಅಳುಕು.