ಅಪ್‌ಡೇಟ್: ಅಪ್ಪನ ಲ್ಯಾಪ್‌ಟಾಪ್‌ಗೆ ಲಿಬ್ರೆಆಫೀಸ್ ಹಾಕಿದೆ

ಅಪ್ಪನಿಗೆ ಪತ್ರ, ಮನೆ ಲೆಕ್ಕ ಬರೆಯೋಕೆ ದುಡ್ಡು ಕೊಡದೆ ಸಿಗುವ ಸಾಫ್ಟ್‌ವೇರ್ ಯಾವುದು ಅಂತ ಹೋದ ತಿಂಗಳು ಕೇಳಿದ್ದೆ. ಲಿಬ್ರೆಆಫೀಸ್ ಹಾಕಿ ಮೂರು ವಾರ ಆಯಿತು.

ಮೊದಲನೇ ದಿನವೇ ಎಡವಟ್ಟು. ಪೆನ್‌ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಗೆ ಹೋದರೆ ಅಲ್ಲಿ ಫೈಲ್ ತೆರೆಯಲೇ ಇಲ್ಲ. ಅದು ಓಡಿಟಿ, ಅಂದ್ರೆ ಲಿಬ್ರೆಆಫೀಸ್ ತಾನಾಗೇ ಬಳಸುವ ಫೈಲ್ ಮಾದರಿಯಲ್ಲಿ ಸೇವ್ ಆಗಿತ್ತು. ಟೂಲ್ಸ್, ಆಪ್ಷನ್ಸ್, ಲೋಡ್/ಸೇವ್, ಜನರಲ್‌ಗೆ ಹೋಗಿ ವರ್ಡ್ ಫೈಲ್ ಅಂತ ಬದಲಾಯಿಸಿದೆ. ಪ್ರಿಂಟ್‌ಗಾದರೆ ಪಿಡಿಎಫ್ ಮಾಡೋದೇ ವಾಸಿ, ಮೇಲುಗಡೆ ಬಟನ್ ಇದೆ.

ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಬರೆದ ಹಳೇ ಫೈಲ್‌ಗಳು ಮಾತ್ರ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡವು. ಅವು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ, ಸಾಫ್ಟ್‌ವೇರ್ ತಪ್ಪೇನಿಲ್ಲ. ನುಡಿ ಫಾಂಟ್ ಹಾಕಿದ ಮೇಲೆ ಸರಿಹೋದವು.

ಅಪ್ಪ ಈಗ ಗೊಣಗುತ್ತಿಲ್ಲ. ಅಂದ್ರೆ ಒಪ್ಪಿದ ಹಾಗೇ ಅಲ್ವಾ?