ಸಹಾಯ ಬೇಕು: ಅಮ್ಮನ ಜೊತೆ ಕವಲೇದುರ್ಗ, ನಗರ, ಕೊಡಚಾದ್ರಿ

ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗದವರೇ. ಆದರೂ ಘಟ್ಟದ ಅಂಚನ್ನು ಇನ್ನೂ ಸರಿಯಾಗಿ ಸುತ್ತಿಲ್ಲ. ನವೆಂಬರ್ ಕೊನೆಗೆ ಮೂರು ದಿನ ಕಾರಿನಲ್ಲಿ ಹೊರಡಬೇಕು ಅಂತಿದ್ದೇವೆ. ತೀರ್ಥಹಳ್ಳಿ, ಕವಲೇದುರ್ಗ, ನಗರದ ಕೋಟೆ, ಆಮೇಲೆ ಕೊಡಚಾದ್ರಿ. ಜೊತೆಗೆ 68 ವರ್ಷದ ಅಮ್ಮ, 10 ವರ್ಷದ ಮಗ.

ಮಗನಿಗೆ ಕೆಳದಿ ನಾಯಕರ ಕಥೆ ಅಂದರೆ ಪ್ರಾಣ. 1763ರಲ್ಲಿ ಹೈದರಾಲಿ ಗೆದ್ದ ಅವರ ರಾಜಧಾನಿ ಬಿದನೂರೇ ಈಗಿನ ನಗರ ಅಂತ ಗೊತ್ತಾದ ದಿನ ಕುಣಿದಾಡಿದ. ಹಾಗಾಗಿ ಕೋಟೆಗಳನ್ನು ಬಿಡುವ ಹಾಗಿಲ್ಲ.

ಚಿಂತೆ ಇರುವುದು ಅಮ್ಮನದು. ಮಂಡಿ ನೋವಿದೆ. ಕವಲೇದುರ್ಗದ ಕಲ್ಲಿನ ಹಾದಿಯಲ್ಲಿ ಕೈ ಹಿಡಿದು ನಿಧಾನಕ್ಕೆ ಎಷ್ಟು ದೂರ ಕರೆದುಕೊಂಡು ಹೋಗಬಹುದು? ಮೊದಲ ಬಾಗಿಲ ತನಕ ಆದರೂ ಸಾಕು. ಕೊಡಚಾದ್ರಿ 1343 ಮೀಟರ್ ಎತ್ತರ. ಬೆಟ್ಟ ಹತ್ತುವ ಜೀಪಿನ ಆ ಕುಲುಕಾಟ ಅವರಿಗೆ ಜಾಸ್ತಿ ಆಗುತ್ತಾ? ಕೊಲ್ಲೂರಿನಲ್ಲೇ ಇರಿ ಅಂದರೆ ಕೇಳುತ್ತಿಲ್ಲ. ಬೆಟ್ಟದ ಮೇಲಿನ, ಶಂಕರಾಚಾರ್ಯರ ಹೆಸರಿನ ಸರ್ವಜ್ಞಪೀಠ ನೋಡಲೇಬೇಕಂತೆ. ಅವರ ಬಹಳ ವರ್ಷದ ಆಸೆ ಅದು, ಸುಮ್ನೆ ಬೇಡ ಅನ್ನಲು ನನಗೂ ಮನಸ್ಸಿಲ್ಲ.

ವಯಸ್ಸಾದವರನ್ನು ಕರೆದುಕೊಂಡು ಹೋಗಿ ಬಂದವರು ದಯವಿಟ್ಟು ತಿಳಿಸಿ. ಇಂಬಳದ ಕಾಟ ಅಷ್ಟರಲ್ಲಿ ಕಡಿಮೆ ಆಗಿರುತ್ತಾ? ನಗರ, ನಿಟ್ಟೂರು ಕಡೆ ಮೆಟ್ಟಿಲು ಹತ್ತದೆ ಉಳಿಯುವಂಥ, ಮನೆ ಊಟ ಸಿಗುವ ಹೋಂಸ್ಟೇ ಇದ್ದರೆ ಅದನ್ನೂ ಹೇಳಿ.