ಉತ್ಸವಗಳಲ್ಲಿ ಮೆಚ್ಚುಗೆ ಪಡೆದ ಚಿತ್ರವನ್ನು ಜನರಿಗೆ ತಲುಪಿಸುವ ಬಗೆ: ಅನುಭವ ಹಂಚಿಕೆ

ಕೇಳಿದ್ದು: ನಮ್ಮ ಮೊದಲ ಚಿತ್ರಕ್ಕೆ ಚಿತ್ರೋತ್ಸವಗಳಲ್ಲಿ ಒಳ್ಳೆಯ ಮಾತು ಕೇಳಿಬಂದರೂ ವಿತರಕರು ಮುಂದೆ ಬರುತ್ತಿಲ್ಲ. ಓಟಿಟಿಯವರು ಮೊದಲು ಚಿತ್ರಮಂದಿರದಲ್ಲಿ ಬಿಡುಗಡೆ ಮಾಡಿ ಎನ್ನುತ್ತಾರೆ. ಕೈಯಲ್ಲಿ ಉಳಿದಿರುವ ಅಲ್ಪ ಹಣವನ್ನು ಬಿಡುಗಡೆಗೆ ಹಾಕಬಹುದೆ?

ಮೊದಲ ಉತ್ತರ: ನಾನು ಮಲೆನಾಡಿನ ಪಟ್ಟಣವೊಂದರಲ್ಲಿ ಒಳ್ಳೆಯ ಚಿತ್ರಗಳನ್ನು ತೋರಿಸಿ ಚರ್ಚಿಸುವ ಚಿತ್ರಸಮಾಜದಲ್ಲಿ ದುಡಿಯುತ್ತಿದ್ದೇನೆ, ಗೆಳೆಯರ ಚಿತ್ರಗಳ ಬಿಡುಗಡೆಗೂ ಓಡಾಡಿದ್ದೇನೆ. ದಯವಿಟ್ಟು ಆ ಹಣವನ್ನು ಒಂದೇ ಶುಕ್ರವಾರ ರಾಜ್ಯದ ತುಂಬ ತೆರೆಕಾಣಿಸುವುದಕ್ಕೆ ಸುರಿಯಬೇಡಿ. ಒಂಟಿ ಪರದೆಯ ಚಿತ್ರಮಂದಿರಗಳಲ್ಲಿ ವಾರದ ಬಾಡಿಗೆಯನ್ನು ಸಾಮಾನ್ಯವಾಗಿ ನಿರ್ಮಾಪಕರೇ ಕಟ್ಟಬೇಕಾಗುತ್ತದೆ. ಅದರ ಮೇಲೆ ಡಿಜಿಟಲ್ ಪ್ರದರ್ಶನದ ಶುಲ್ಕ, ಪೋಸ್ಟರ್, ಜಾಹೀರಾತುಗಳ ಖರ್ಚೂ ಸೇರುತ್ತದೆ. ಮಲ್ಟಿಪ್ಲೆಕ್ಸ್‌ಗಳಲ್ಲಿ ಬಾಡಿಗೆಯ ಬದಲು ಗಳಿಕೆಯಲ್ಲಿ ಪಾಲು ಇರುವುದರಿಂದ ಅದು ಹಗುರವೆಂದು ತೋರುತ್ತದೆ. ಆದರೆ ತಾರೆಗಳಿಲ್ಲದ ಚಿತ್ರಕ್ಕೆ ದಕ್ಕುವುದು ಬಹುಮಟ್ಟಿಗೆ ಬೆಳಗಿನ ಅಥವಾ ಮಧ್ಯಾಹ್ನದ ಆಟ, ಮತ್ತು ವಾರಾಂತ್ಯದಲ್ಲಿ ಸೀಟು ತುಂಬದಿದ್ದರೆ ಸೋಮವಾರಕ್ಕೆ ಆ ಆಟವೂ ಉಳಿಯುವುದಿಲ್ಲ. ಬಾಯಿಮಾತಿನಿಂದಲೇ ಬೆಳೆಯಬೇಕಾದ ಚಿತ್ರವು ಆ ಮಾತು ಹಬ್ಬುವ ಮೊದಲೇ ಪರದೆಯಿಂದ ಇಳಿದುಹೋಗುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅದು ಬಹಳ ನೋವಿನ ಸಂಗತಿ.

ಆದ್ದರಿಂದ ನಿಮ್ಮ ಚಿತ್ರ ಯಾವ ಪ್ರೇಕ್ಷಕರದು ಎಂಬುದನ್ನು ಮೊದಲು ಗುರುತಿಸಿಕೊಳ್ಳಿ. 2023ರಲ್ಲಿ ಬಂದ ‘ಡೇರ್‌ಡೆವಿಲ್ ಮುಸ್ತಫಾ’ ಚಿತ್ರಕ್ಕೆ ಪೂರ್ಣಚಂದ್ರ ತೇಜಸ್ವಿಯವರ ಓದುಗರೇ ಹಣ ಹೂಡಿದ್ದರು. ಅಂದರೆ ಚಿತ್ರೀಕರಣಕ್ಕೂ ಮೊದಲೇ ಅದಕ್ಕೊಂದು ಪ್ರೇಕ್ಷಕ ಬಳಗವಿತ್ತು. 2013ರ ‘ಲೂಸಿಯಾ’ ಕೂಡ ಜನರಿಂದ ಸಂಗ್ರಹಿಸಿದ ಹಣದಲ್ಲಿ ತಯಾರಾದದ್ದರಿಂದ, ಹೂಡಿದವರೇ ಅದರ ಪ್ರಚಾರಕರೂ ಆದರು. ನಿಮ್ಮ ಚಿತ್ರ ಈಗಾಗಲೇ ಮುಗಿದಿರುವುದರಿಂದ ಈ ದಾರಿ ನಿಮಗಿಲ್ಲ, ಆದರೆ ಕಥೆ ನಡೆಯುವ ಊರು, ಅಲ್ಲಿನ ಭಾಷೆ, ಅಲ್ಲಿನ ಕಲಾವಿದರ ನಂಟು ನಿಮ್ಮ ಬಳಿ ಇದ್ದೇ ಇರುತ್ತದೆ. ಆ ಜಿಲ್ಲೆಯಿಂದಲೇ ಆರಂಭಿಸಿ, ಒಂದು ಚಿತ್ರಮಂದಿರದಲ್ಲಿ ಒಂದೇ ಆಟವನ್ನು ಹಿಡಿದು, ಅಧ್ಯಾಪಕರು, ಹವ್ಯಾಸಿ ರಂಗತಂಡದವರು ಮತ್ತು ಗ್ರಂಥಾಲಯದ ಓದುಗರಿಗೆ ಮುಂಚಿತವಾಗಿ ಟಿಕೆಟ್ ಮಾರಿ. 2025ರಲ್ಲಿ ‘ಸು ಫ್ರಮ್ ಸೋ’ ತಂಡದವರು ಬಿಡುಗಡೆಗೆ ಮೊದಲೇ ಟಿಕೆಟ್ ಇಟ್ಟು ಪ್ರೀಮಿಯರ್ ಪ್ರದರ್ಶನಗಳನ್ನು ನಡೆಸಿದ್ದರು. ಅದು ಹಾಸ್ಯಚಿತ್ರವಾದ್ದರಿಂದ ಅಷ್ಟೇ ಫಲವನ್ನು ನಿರೀಕ್ಷಿಸಲಾಗದು, ಆದರೆ ಮಾತು ಮೊದಲು ಹುಟ್ಟಲಿ, ಶುಕ್ರವಾರ ಆಮೇಲೆ ಬರಲಿ ಎಂಬ ಕ್ರಮ ಸಣ್ಣ ಚಿತ್ರಕ್ಕೂ ಹೊಂದುತ್ತದೆ.

ಹಳ್ಳಿಯವರಿಗೆ ಇಂಥ ಚಿತ್ರ ಹಿಡಿಸದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ 1970ರ ದಶಕದಲ್ಲಿಯೇ ಸತ್ಯಜಿತ್ ರಾಯ್, ಜಪಾನಿನ ಕುರೊಸಾವಾ ಅವರ ಚಿತ್ರಗಳನ್ನು ಸುತ್ತಲಿನ ಹಳ್ಳಿಗರಿಗೆ ತೋರಿಸಿ ಚರ್ಚಿಸುತ್ತಿತ್ತು. ನಮ್ಮ ಪ್ರದರ್ಶನಗಳಲ್ಲಿಯೂ ಚಿತ್ರ ಮುಗಿದ ಮೇಲೆ ಹೆಚ್ಚು ಹೊತ್ತು ಕುಳಿತು ಮಾತನಾಡುವವರು ಅಡಿಕೆ ತೋಟದ ಕೆಲಸ ಮುಗಿಸಿ ಬಂದವರು.

ಎರಡನೆಯ ಉತ್ತರ: ಮೇಲಿನವರ ಮಾತಿಗೆ ಕಾಲದ ವಿಚಾರವೊಂದನ್ನು ಸೇರಿಸುತ್ತೇನೆ. ‘ತಿಥಿ’ 2015ರ ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು, 2016ರ ಮೇ ತಿಂಗಳಲ್ಲಿ ಇಲ್ಲಿ ತೆರೆಕಂಡಿತು. ಆ ಸುದ್ದಿ ಜನರ ನೆನಪಿನಲ್ಲಿ ಇನ್ನೂ ಇತ್ತು. 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗಳಿಸಿದ ‘ಶಿವಮ್ಮ’ ಚಿತ್ರಮಂದಿರಕ್ಕೆ ಬಂದದ್ದು 2024ರ ಜೂನ್‌ನಲ್ಲಿ. ಇಷ್ಟು ಅಂತರ ಬಿದ್ದರೆ ಪ್ರಚಾರವನ್ನು ಮತ್ತೆ ಮೊದಲಿನಿಂದ ಕಟ್ಟಬೇಕಾಗುತ್ತದೆ, ಆದ್ದರಿಂದ ಉತ್ಸವಗಳ ಸುತ್ತಾಟವನ್ನು ಎಲ್ಲಿ ನಿಲ್ಲಿಸಬೇಕೆಂದು ಈಗಲೇ ನಿರ್ಧರಿಸಿ.

ಓಟಿಟಿಯೊಂದನ್ನೇ ನೆಚ್ಚಬೇಡಿ. ಓಟಿಟಿಯವರು ಕೊಳ್ಳದ ಕಾರಣ 2024ರಲ್ಲಿ ‘ಏಕಂ’ ಸರಣಿಯನ್ನು ರಕ್ಷಿತ್ ಶೆಟ್ಟಿಯವರ ಸಂಸ್ಥೆಯೇ ಸ್ವಂತ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಸಣ್ಣ ಚಿತ್ರಗಳಿಗೆ ಸಿಗುವ ಒಪ್ಪಂದ ಹೆಚ್ಚಾಗಿ ನೋಡಿದ ಅವಧಿಗೆ ತಕ್ಕ ಹಣ ಕೊಡುವಂಥದ್ದು. ಅದಕ್ಕೆ ಸಹಿ ಹಾಕುವಾಗ ವಿದೇಶದ ಪ್ರದರ್ಶನ, ಕಾಲೇಜು ಮತ್ತು ಚಿತ್ರಸಮಾಜಗಳ ಪ್ರದರ್ಶನದ ಹಕ್ಕುಗಳನ್ನು ನಿಮ್ಮಲ್ಲಿಯೇ ಉಳಿಸಿಕೊಳ್ಳಿ, ಏಕೆಂದರೆ ಹೊರದೇಶದ ಕನ್ನಡ ಸಂಘದವರು ಒಂದು ಪ್ರದರ್ಶನ ಏರ್ಪಡಿಸುತ್ತೇವೆ ಎಂದು ಕೇಳಿದಾಗ ಒಪ್ಪುವ ಅಧಿಕಾರ ನಿಮ್ಮದಾಗಿರಬೇಕು.